ಪಶು ಕ್ಲಿನಿಕ್ ನಿಜವಾಗಿ ಶುಚಿಯಾಗಿದೆಯಾ ಅಂತ ನೋಡೋದು ಹೇಗೆ? ಕೊಡಗಿನವರ ಅನುಭವ

ಗೋಣಿಕೊಪ್ಪದಿಂದ ಪ್ರಶ್ನೆ:
ನಾಲ್ಕು ತಿಂಗಳ ಹಿಂದೆ ಚಿಕ್ಕದೊಂದು ಪಶು ಕ್ಲಿನಿಕ್ ಶುರು ಮಾಡಿದ್ದೇನೆ. ಇಬ್ಬರು ಸಹಾಯಕರಿದ್ದಾರೆ. ಗೋಡೆಗೆ ಚಾರ್ಟ್ ಅಂಟಿಸಿದ್ದೇನೆ, ಒರೆಸಿದ ಮೇಲೆ ಟಿಕ್ ಹಾಕುತ್ತಾರೆ. ಆದರೂ ಮಳೆ ಹಿಡಿದಾಗಿನಿಂದ ಒಳಗೆ ಮುಗ್ಗಲು ವಾಸನೆ, ನೆಲದ ತುಂಬಾ ಕೆಸರು. ಟಿಕ್ ಇದ್ದ ಮಾತ್ರಕ್ಕೆ ಶುಚಿಯಾಗಿದೆ ಅಂತ ಹೇಗೆ ನಂಬೋದು? ನೀವೆಲ್ಲ ಹೇಗೆ ಪರೀಕ್ಷೆ ಮಾಡುತ್ತೀರಿ?

ಮಡಿಕೇರಿಯಿಂದ:
ಡಾಕ್ಟ್ರೇ, ಚಾರ್ಟ್ ತೆಗೆಯಬೇಡಿ, ಇರಲಿ. ಆದರೆ ಅದು ಯಾರು ಕೆಲಸ ಮಾಡಿದರು ಅಂತ ಹೇಳುತ್ತದೆ ಅಷ್ಟೆ. ಕೊಳೆ ಹೋಯಿತಾ ಅಂತ ಹೇಳುವುದಿಲ್ಲ. ನಾನು ಒಂಬತ್ತು ವರ್ಷದಿಂದ ಇಲ್ಲಿನ ಒಂದು ಕ್ಲಿನಿಕ್‌ನಲ್ಲಿ ಸಹಾಯಕಿ. ಇದನ್ನು ಕಲಿತದ್ದು ಒಂದು ಮರಿಯನ್ನು ಕಳೆದುಕೊಂಡ ಮೇಲೆ.

ಎರಡು ಮಳೆಗಾಲದ ಹಿಂದೆ ಪಾರ್ವೊ (ನಾಯಿಮರಿಗಳ ಜೀವ ತೆಗೆಯುವ ಅಂಟು ಭೇದಿ ರೋಗ) ಬಂದ ಮರಿಯೊಂದು ಟೇಬಲ್ ಮೇಲೇ ಭೇದಿ ಮಾಡಿತು. ನಾನೇ ಒರೆಸಿದೆ, ಫಿನಾಯಿಲ್ ಹಾಕಿದೆ, ಟಿಕ್ ಹಾಕಿದೆ. ಮಾರನೇ ದಿನ ಅದೇ ಟೇಬಲ್ ಮೇಲೆ ಮೊದಲ ಲಸಿಕೆಗೆ ಬಂದ ಲ್ಯಾಬ್ರಡಾರ್ ಮರಿಯನ್ನು ನಿಲ್ಲಿಸಿದೆವು. ಆರನೇ ದಿನ ಅದು ವಾಂತಿ, ರಕ್ತಭೇದಿ ಅಂತ ವಾಪಸ್ ಬಂತು. ಉಳಿಯಲಿಲ್ಲ. ನಮ್ಮಲ್ಲೇ ಅಂಟಿತು ಅಂತ ಸಾಬೀತು ಮಾಡೋಕಾಗಲ್ಲ. ಅಂಟಲಿಲ್ಲ ಅಂತ ಹೇಳೋಕೂ ನನಗೆ ಬಾಯಿ ಬರಲ್ಲ. ಆ ಮನೆಯ ಹುಡುಗಿ ಖಾಲಿ ಬೆಲ್ಟನ್ನು ಕೈಗೆ ಸುತ್ತಿಕೊಂಡು ನಿಂತದ್ದು ಇನ್ನೂ ಕಣ್ಣ ಮುಂದಿದೆ.

ಅವತ್ತು ಸಂಜೆ ಟೇಬಲ್ ಅಂಚಿನ ರಬ್ಬರ್ ಪಟ್ಟಿಯನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ನೋಡಿದೆವು. ಒಳಗೆ ಉದ್ದಕ್ಕೂ ಕಂದು ಬಣ್ಣದ ಗೆರೆ, ಕೂದಲು ಸಮೇತ ಒಣಗಿ ಅಂಟಿತ್ತು. ಮೇಲೆ ಸ್ಟೀಲ್ ಫಳಫಳ ಹೊಳೆಯುತ್ತಿತ್ತು.

ಈಗ ಹೀಗೆ ಮಾಡುತ್ತೇವೆ. ಮಕ್ಕಳ ಅಂಗಡಿಯಲ್ಲಿ ಕಾಣದ ಶಾಯಿಯ ಪೆನ್ನು ಸಿಗುತ್ತದಲ್ಲ, ಮುಚ್ಚಳದಲ್ಲೇ ನೀಲಿ ಬೆಳಕು ಇರುವುದು, ಅದು ಸಾಕು. ಒದ್ದೆ ಬಟ್ಟೆಗೆ ಅಳಿಸುತ್ತದಾ ಅಂತ ಮೊದಲು ಒಂದು ಕಡೆ ಗೀಚಿ ನೋಡಿಕೊಳ್ಳಿ. ಒರೆಸುವ ಮುಂಚೆ ಯಾರಿಗೂ ಹೇಳದೆ ಎಂಟು ಹತ್ತು ಕಡೆ ಚುಕ್ಕೆ ಇಡಿ. ಟೇಬಲ್ ಅಂಚಿನ ಕೆಳಭಾಗ, ತೂಕದ ಮೆಷಿನ್, ನಲ್ಲಿಯ ತಿರುಗಣೆ, ಫ್ರಿಜ್ ಹಿಡಿಕೆ, ಕೂದಲು ಕತ್ತರಿಸುವ ಮೆಷಿನ್, ಬಾಯಿಪಟ್ಟಿ ನೇತುಹಾಕುವ ಮೊಳೆ. ಒರೆಸಿದ ಮೇಲೆ ದೀಪ ಆರಿಸಿ ಬೆಳಕು ಬಿಡಿ. ಚುಕ್ಕೆ ಹೊಳೆದರೆ ಅಲ್ಲಿಗೆ ಬಟ್ಟೆ ಹೋಗಿಲ್ಲ ಅಂತ ಅರ್ಥ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೇ ಬೇರೆ ಜೆಲ್ ಇರುತ್ತದೆ, ಕೆಲಸ ಒಂದೇ. ನಾವು ತಿಂಗಳಿಗೆ ಎರಡು ಸಲ ನೋಡುತ್ತೇವೆ. ಚುಕ್ಕೆ ಉಳಿದರೆ ಬೈಯಬೇಡಿ, ಅವರ ಕೈಗೇ ಪೆನ್ನು ಕೊಟ್ಟು ತೋರಿಸಿ. ಬೈದರೆ ಮುಂದಿನ ಸಲ ಚುಕ್ಕೆ ಹುಡುಕಿ ಅದನ್ನಷ್ಟೇ ಒರೆಸುತ್ತಾರೆ.

ಚುಕ್ಕೆ ಹೋಯಿತು ಅಂದರೆ ಬಟ್ಟೆ ತಗುಲಿತು ಅಂತ ಅಷ್ಟೆ, ರೋಗಾಣು ಸತ್ತಿತು ಅಂತಲ್ಲ. ಅದಕ್ಕೆ ಗಡಿಯಾರ ಬೇಕು. ಪಾರ್ವೊ ವೈರಸ್ ತಿಂಗಳುಗಟ್ಟಲೆ ನೆಲದಲ್ಲೇ ಬದುಕಿರುತ್ತದೆ. ಸ್ಪಿರಿಟ್‌ಗೆ, ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಜಗ್ಗುವುದಿಲ್ಲ. ಮೊದಲು ಸೋಪಿನ ನೀರಲ್ಲಿ ಉಜ್ಜಿ ತೊಳೆಯಬೇಕು, ಕೊಳೆ ಇದ್ದರೆ ಬ್ಲೀಚ್ ಸುಮ್ನೆ ವ್ಯರ್ಥ. ಆಮೇಲೆ ಶೇಕಡಾ 5ರ ಬ್ಲೀಚ್ ಒಂದು ಪಾಲಿಗೆ 30 ಪಾಲು ನೀರು, 10 ನಿಮಿಷ ಒದ್ದೆಯಾಗೇ ಇರಬೇಕು. ನಾನು ಮೊಬೈಲ್‌ನಲ್ಲಿ ಅಲಾರಾಂ ಇಡುತ್ತೇನೆ. ದಿನಾ ಹೊಸದಾಗಿ ಕಲಸಿ, ಬಾಟಲಿ ಮೇಲೆ ತಾರೀಕು ಬರೆಯಿರಿ. ಮೂತ್ರದ ಮೇಲೆ ನೇರವಾಗಿ ಸುರಿಯಬೇಡಿ, ಟಾಯ್ಲೆಟ್ ಆಸಿಡ್ ಜೊತೆ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ. ಬೆಕ್ಕಿನ ಗೂಡಿನ ಹತ್ತಿರ ಫಿನಾಯಿಲ್ ಬೇಡವೇ ಬೇಡ. ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ಅದು ಅದಕ್ಕೆ ನಂಜು.

ಮುಗ್ಗಲು ವಾಸನೆ ನಿಮ್ಮ ಮಾಪ್‌ನಿಂದಲೇ ಬರುತ್ತಿರಬಹುದು. ಜುಲೈನಲ್ಲಿ ನಮ್ಮಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ ಹೇಳಿ? ಬಕೆಟ್‌ನಲ್ಲೇ ಬಿಟ್ಟ ಮಾಪ್ ಇಡೀ ಕ್ಲಿನಿಕ್‌ಗೆ ಕೊಳೆ ಹಂಚುತ್ತದೆ. ನಾವು ನಾಲ್ಕು ಮಾಪ್ ಇಟ್ಟು, ಒಂದೊಂದನ್ನೂ ಬಿಸಿನೀರಲ್ಲಿ ತೊಳೆದು, ಹಿಂಡಿ, ನೀರು ಕಾಯಿಸುವ ಒಲೆಯ ಹಿಂದಿನ ಗೋಡೆಗೆ ನೇತುಹಾಕುತ್ತೇವೆ. ಬೆಳಿಗ್ಗೆ ನನ್ನ ಮೊದಲ ಪರೀಕ್ಷೆ ಅದೇ: ಮಾಪ್ ಮುಟ್ಟಿ ನೋಡುವುದು. ಒದ್ದೆ ಇದ್ದರೆ ಅದು ನೆಲಕ್ಕೆ ಇಳಿಯುವುದಿಲ್ಲ.

ವಿರಾಜಪೇಟೆಯಿಂದ:
ಅಕ್ಕ ಹೇಳಿದ್ದು ಸರಿ. ನಾನು ಆಟೋಕ್ಲೇವ್ ಬಗ್ಗೆ, ಅಂದರೆ ಆಪರೇಷನ್ ಸಲಕರಣೆಗಳ ರೋಗಾಣು ಕೊಲ್ಲುವ ಹಬೆಯ ಮೆಷಿನ್ ಬಗ್ಗೆ, ಒಂದು ಮಾತು ಸೇರಿಸುತ್ತೇನೆ. ಸಲಕರಣೆಗಳನ್ನು ಬಟ್ಟೆಯಲ್ಲಿ ಸುತ್ತಿದ ಗಂಟಿನ ಮೇಲಿನ ಟೇಪ್ ಕಪ್ಪಾಯಿತು ಅಂದರೆ ಹೊರಗೆ ಬಿಸಿ ತಗುಲಿತು ಅಂತ ಅಷ್ಟೆ. ಒಳಗೂ ಹಬೆ ಮುಟ್ಟಿತಾ ಅಂತ ಬಣ್ಣ ಬದಲಿಸಿ ತೋರಿಸುವ ಸೂಚಕ ಪಟ್ಟಿಯನ್ನು ಗಂಟಿನ ನಡುವೆ ಇಡಿ. 121 ಡಿಗ್ರಿ, 15 ಪೌಂಡ್ ಒತ್ತಡ ಮುಟ್ಟಿದ ಮೇಲೆ ಸಮಯ ಎಣಿಸಿ. ಇಲ್ಲಿ ಮರ ಬಿದ್ದು ನಡುವೆ ಕರೆಂಟ್ ಹೋಗೋದು ಮಾಮೂಲಿ. ಹೋದರೆ ಉಳಿದ ನಿಮಿಷ ಸೇರಿಸಬೇಡಿ, ಮೊದಲಿಂದ ಶುರು ಮಾಡಿ. ಗಂಟು ಒದ್ದೆಯಾಗಿ ಹೊರಬಂದರೆ ಆಪರೇಷನ್‌ಗೆ ಬಳಸಬೇಡಿ, ಒದ್ದೆ ಬಟ್ಟೆಯ ಮೂಲಕ ರೋಗಾಣು ಒಳಗೆ ಇಳಿಯುತ್ತದೆ.

ಸೋಮವಾರಪೇಟೆಯಿಂದ:
ನಾನು ದನ, ಹಂದಿ ನೋಡುವವನು. ಇಲಿ ಜ್ವರ ಮರೆಯಬೇಡಿ. ಆ ರೋಗಾಣು ಮೂತ್ರದಲ್ಲಿ ಬಂದು ತೇವದಲ್ಲಿ ಬದುಕುತ್ತದೆ, ಒಣಗಿದರೆ ಬೇಗ ಸಾಯುತ್ತದೆ. ಅದು ನಮಗೂ ಅಂಟುತ್ತದೆ. ಹಾಗಾಗಿ ನೆಲ ಒರೆಸುವ ಹುಡುಗರಿಗೆ ಗ್ಲೌಸ್, ಗಂಬೂಟು ಕೊಟ್ಟಿದ್ದೀರಾ ಅಂತ ಮೊದಲು ನೋಡಿ. ಚರಂಡಿಯ ಜಾಲರಿ ಕಟ್ಟಿ ನೀರು ನಿಂತಿದೆಯಾ ಅಂತಲೂ ನೋಡಿ. ಕಸದ ವಿಷಯ: 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ ಪಶು ಕ್ಲಿನಿಕ್‌ಗೂ ಅನ್ವಯ. ಸೂಜಿ ಬಿಳಿ ಗಟ್ಟಿ ಡಬ್ಬಿಗೆ, ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ. ಹಳದಿ ಚೀಲ 48 ಗಂಟೆಗಿಂತ ಜಾಸ್ತಿ ಇರಬಾರದು.

ಗೋಣಿಕೊಪ್ಪದಿಂದ, ಮತ್ತೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಒಂಬತ್ತು ಚುಕ್ಕೆ ಇಟ್ಟೆ. ನಾಲ್ಕು ಉಳಿದವು: ನಲ್ಲಿ, ಫ್ರಿಜ್ ಹಿಡಿಕೆ, ತೂಕದ ಮೆಷಿನ್, ನನ್ನ ಸ್ಟೆತೊಸ್ಕೋಪ್. ಇದರಲ್ಲಿ ಒಂದೂ ಚಾರ್ಟ್‌ನಲ್ಲಿರಲಿಲ್ಲ, ಅದು ನನ್ನ ತಪ್ಪು. ಈಗ ಸೇರಿಸಿದ್ದೇನೆ, ಸ್ಟೆತೊಸ್ಕೋಪ್ ಮುಂದೆ ನನ್ನ ಹೆಸರೇ ಇದೆ. ತೂಕದ ಮೆಷಿನ್‌ಗೆ ಅಂಟಿಸಿದ್ದ ರಬ್ಬರ್ ಮ್ಯಾಟ್ ಕಿತ್ತೆ, ಕೆಳಗೆ ಮಡಿಕೇರಿ ಅಕ್ಕ ಹೇಳಿದ ಹಾಗೇ ಇತ್ತು. ಆದರೆ ಬರಿ ಸ್ಟೀಲ್ ಮೇಲೆ ನಾಯಿಗಳು ಜಾರಿ ಹೆದರುತ್ತವೆ. ತೊಳೆಯೋಕೂ ಆಗಬೇಕು, ಜಾರಲೂಬಾರದು. ನೀವು ಏನು ಹಾಸುತ್ತೀರಿ?