ನೇವಿ ಹುಡುಗನ ಜೊತೆ ಮದುವೆ: ಹಡಗು ಹೊರಡುವ ಮೊದಲು ಏನೇನು ಮಾಡಿಟ್ಟುಕೊಳ್ಳಬೇಕು?

ಯಗಚಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೇಲೂರು ಕಡೆಯವಳು, ನಿಶ್ಚಿತಾರ್ಥ ಆಗಿದೆ. ಹುಡುಗ ನೌಕಾಪಡೆಯಲ್ಲಿ ಸೇಲರ್, ಈಗ ಕಾರವಾರದ ಹಡಗಿನಲ್ಲಿದ್ದಾರೆ. ಬರುವ ಮಾಘದಲ್ಲಿ ಮದುವೆ ಅಂತ ಹಿರಿಯರ ಲೆಕ್ಕ. ಕ್ವಾರ್ಟರ್ಸ್ ಸಿಗುವ ತನಕ ನಾನು ಹಾಸನದಲ್ಲಿ ಅತ್ತೆ ಮಾವನ ಜೊತೆ ಇರಬೇಕಾಗುತ್ತೆ. ಹುಡುಗನ ಹೆಸರಲ್ಲಿ ಸ್ವಲ್ಪ ಜಮೀನೂ ಇದೆ. ಹಡಗು ಹೊರಟರೆ ಫೋನ್ ಇಲ್ಲ, ಯಾವಾಗ ವಾಪಸ್ ಅಂತ ಗೊತ್ತಿರಲ್ಲ ಅಂತಾರೆ. ಆ ದಿನಗಳನ್ನು ಹೇಗೆ ನಿಭಾಯಿಸೋದು, ಮೊದಲೇ ಯಾವ ಕಾಗದ ಪತ್ರ ಸರಿಮಾಡಿಕೊಳ್ಳಬೇಕು ಅನ್ನೋದನ್ನು ವಿವರವಾಗಿ ಹೇಳ್ತೀರಾ?

ಕಾಳಿ ದಂಡೆ ಉತ್ತರ:

ಮೊದಲು ಮಾಘದ ವಿಷಯ, ತಂಗಿ. ನೌಕಾಪಡೆಯ ದೊಡ್ಡ ಸಮರಾಭ್ಯಾಸಗಳು ಬೀಳುವುದೇ ಆ ಹೊತ್ತಿಗೆ. 2021, 2023, 2025ರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಟ್ರೊಪೆಕ್ಸ್ (ನಮ್ಮ ನೌಕಾಪಡೆಯದೇ ಅಭ್ಯಾಸ) ನಡೆಯಿತು, 2022 ಮತ್ತು 2024ರಲ್ಲಿ ಫೆಬ್ರವರಿ ಆಸುಪಾಸಿಗೆ ವಿಶಾಖಪಟ್ಟಣದಲ್ಲಿ ಮಿಲನ್ (ಬೇರೆ ದೇಶಗಳ ನೌಕಾಪಡೆಗಳ ಜೊತೆಗಿನದು). ಹಡಗು ಅದಕ್ಕೆ ಹೊರಟರೆ ರಜೆ ಕೇಳಿಯೂ ಪ್ರಯೋಜನವಿಲ್ಲ. ಹಾಗಾಗಿ ಪುರೋಹಿತರ ಹತ್ತಿರ ಎರಡು ಮುಹೂರ್ತ ತೆಗೆಸಿ, ಒಂದು ಮಾಘದಲ್ಲಿ, ಇನ್ನೊಂದು ವೈಶಾಖದಲ್ಲಿ. ಛತ್ರಕ್ಕೆ ಮುಂಗಡ ಕೊಡುವಾಗ ತಾರೀಖು ಬದಲಾದರೆ ಹಣ ಏನಾಗುತ್ತೆ ಅಂತ ರಸೀದಿಯ ಮೇಲೇ ಬರೆಸಿಕೊಳ್ಳಿ. ರಜೆ ಮಂಜೂರಾಗುವ ತನಕ ಲಗ್ನಪತ್ರಿಕೆ ಅಚ್ಚಿಗೆ ಹಾಕಬೇಡಿ.

ಸೇಲರ್‌ಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಲೆಕ್ಕಕ್ಕೆ ದೊಡ್ಡದು, ಆದರೆ ಯಾವಾಗ ಸಿಗುತ್ತೆ ಅನ್ನೋದು ಹಡಗಿನ ಕೆಲಸದ ಮೇಲೆ. (ಅಗ್ನಿವೀರ್ ಆಗಿ ಸೇರಿದ ಹುಡುಗರ ಕಥೆಯೇ ಬೇರೆ: 4 ವರ್ಷ ಮುಗಿಯುವ ತನಕ ಮದುವೆ ಆಗುವ ಹಾಗಿಲ್ಲ, ರಜೆ ವರ್ಷಕ್ಕೆ 30 ದಿನ. ಈ ಪ್ರಶ್ನೆ ಓದುವ ಬೇರೆ ಮನೆಯವರಿಗೂ ಇದು ಗೊತ್ತಿರಲಿ.)

ಇನ್ನೊಂದು ಮಾತು ಮದುವೆಗೆ ಮೊದಲೇ ಎರಡೂ ಮನೆಯವರನ್ನು ಕೂರಿಸಿ ಆಗಬೇಕು: ಆಷಾಢ. ವೈಶಾಖದಲ್ಲಿ ಮದುವೆಯಾಗಿ, ಅವರು ಹಡಗಿಗೆ ಹೋಗಿ, ಮತ್ತೆ ರಜೆ ಸಿಕ್ಕಿದ್ದು ಆಷಾಢದಲ್ಲಿ ಅಂದ್ಕೊಳ್ಳಿ. ಸೊಸೆ ತವರಲ್ಲಿ, ಮಗ ಹಾಸನದಲ್ಲಿ, ಸಿಕ್ಕ 15 ದಿನ ಹಾಳು. ಅಂಥ ವರ್ಷ ಏನು ಮಾಡೋದು ಅಂತ ಹಿರಿಯರ ಬಾಯಲ್ಲೇ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಆಮೇಲೆ ಕೇಳಿದರೆ ಮನಸ್ತಾಪ ಆಗುತ್ತೆ.

ಹೇಮಾವತಿ ಉತ್ತರ:

ದೂರ ಇರೋದಕ್ಕಿಂತ ಹೆಚ್ಚು ಗೋಳು ಹೊಯ್ಯೋದು ಒಟಿಪಿ. ಇದನ್ನು ಯಾರೂ ಮೊದಲು ಹೇಳಲ್ಲ. 2019ರ ಕೊನೆಯಿಂದ ಹಡಗಿನಲ್ಲಿ, ನೆಲೆಗಳಲ್ಲಿ ಸ್ಮಾರ್ಟ್‌ಫೋನ್ ಬಳಸುವ ಹಾಗಿಲ್ಲ. ಬ್ಯಾಂಕ್ ಖಾತೆ, ಗ್ಯಾಸ್, ಕರೆಂಟ್ ಬಿಲ್, ವಿಮೆ, ಎಲ್ಲ ಅವರ ನಂಬರಿಗೇ ಜೋಡಿಸಿದ್ದರೆ ಹಡಗು ಹೊರಟ ದಿನವೇ ಮನೆಯ ಕೈಕಾಲು ಕಟ್ಟಿದಂತೆ.

ಮದುವೆ ರಜೆಯಲ್ಲೇ ಇಬ್ಬರೂ ಹೋಗಿ ಜಾಯಿಂಟ್ ಖಾತೆ ಮಾಡಿಸಿ, ಇಬ್ಬರಲ್ಲಿ ಯಾರೊಬ್ಬರ ಸಹಿಯಿಂದಲೂ ನಡೆಯುವಂಥದ್ದು. ಹೆಸರು ಸೇರಿಸಿದರೆ ಮುಗಿಯಲಿಲ್ಲ. ನಿಮ್ಮ ಹೆಸರಿಗೆ ಬೇರೆ ಎಟಿಎಂ ಕಾರ್ಡ್, ನಿಮ್ಮ ಮೊಬೈಲಿಗೆ ಒಟಿಪಿ ಬರುವ ಹಾಗೆ ನಿಮ್ಮದೇ ನೆಟ್‌ಬ್ಯಾಂಕಿಂಗ್ ಬೇಕು. ಬ್ಯಾಂಕಿನಿಂದ ಎದ್ದು ಬರುವ ಮೊದಲು ನಿಮ್ಮ ಫೋನಿನಿಂದ 10 ರೂಪಾಯಿ ಕಳಿಸಿ ನೋಡಿ. ಸಂಬಳದ ಖಾತೆಯಿಂದ ಇದಕ್ಕೆ ತಿಂಗಳ ಇಂಥ ತಾರೀಖಿಗೆ ಇಷ್ಟು ಅಂತ ತಾನಾಗೇ ಬರುವ ಹಾಗೆ ಸೂಚನೆ ಕೊಡಿಸಿ. ಅದರ ಹೊರತಾಗಿ ಮೂರು ತಿಂಗಳ ಮನೆ ಖರ್ಚು ಖಾತೆಯಲ್ಲಿ ಸದಾ ಇರಲಿ. ಗ್ಯಾಸ್ ಬುಕಿಂಗ್, ಸೆಸ್ಕ್ ಕರೆಂಟ್ ಬಿಲ್ (ಚಿಕ್ಕಮಗಳೂರು ಕಡೆಯವರಿಗೆ ಮೆಸ್ಕಾಂ) ನಿಮ್ಮ ನಂಬರಿಗೆ ಬದಲಾಯಿಸಿ. ಅವರ ಸಿಮ್ ಪ್ರಿಪೇಯ್ಡ್ ಆಗಿದ್ದರೆ ಹೊರಡುವ ಮೊದಲು ಉದ್ದನೆ ಅವಧಿಯ ರೀಚಾರ್ಜ್ ಹಾಕಿಸಿ. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ನಂಬರ್ ಬಂದ್ ಆಗಬಹುದು.

ಆಮೇಲೆ ಮದುವೆ ನೋಂದಣಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟ್ ಇಲ್ಲದೆ ನೌಕಾಪಡೆಯ ದಾಖಲೆಯಲ್ಲಿ ನೀವು ಹೆಂಡತಿ ಆಗಲ್ಲ. ಮದುವೆಯ ಮರುವಾರವೇ ಮಾಡಿಸಿ. ಲಗ್ನಪತ್ರಿಕೆ, ಮದುವೆಯ ಫೋಟೋ, ಇಬ್ಬರ ವಿಳಾಸ ಮತ್ತು ವಯಸ್ಸಿನ ದಾಖಲೆ, ಮೂರು ಜನ ಸಾಕ್ಷಿ. ಇಲ್ಲಿ ಕೆಡೋದು ಹೆಸರು. ನಮ್ಮ ಕಡೆ ಆಧಾರ್‌ನಲ್ಲಿ ಬರೀ ಇನಿಷಿಯಲ್, ಅವರ ಸರ್ವಿಸ್ ದಾಖಲೆಯಲ್ಲಿ ಊರಿನ ಹೆಸರು, ತಂದೆಯ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತೆ. ಒಂದು ಅಕ್ಷರ ತಪ್ಪಿದರೂ ಕಾಗದ ವಾಪಸ್ ಬರುತ್ತೆ, ತಿದ್ದಿಸುವ ಹೊತ್ತಿಗೆ ಅವರು ಸಮುದ್ರದಲ್ಲಿರುತ್ತಾರೆ. ಆಧಾರ್, ಪ್ಯಾನ್, ಅವರ ಸರ್ವಿಸ್ ಬುಕ್ ಮೂರನ್ನೂ ನಿಶ್ಚಯದ ಹೊತ್ತಿಗೇ ಪಕ್ಕಪಕ್ಕ ಇಟ್ಟು ನೋಡಿ.

ಆ ಸರ್ಟಿಫಿಕೇಟ್ ಇಟ್ಟುಕೊಂಡು ಅವರು ಹಡಗಿನ ಆಫೀಸಿನಲ್ಲಿ ಜೆನ್‌ಫಾರ್ಮ್ (ಮದುವೆಯನ್ನು ಸರ್ವಿಸ್ ದಾಖಲೆಗೆ ಸೇರಿಸುವ ಕಾಗದ) ಹೊರಡಿಸಬೇಕು, ಡಿಪೆಂಡೆಂಟ್ ಕಾರ್ಡ್‌ಗೆ (ಮನೆಯವರ ಗುರುತಿನ ಚೀಟಿ) ಅರ್ಜಿ ಹಾಕಬೇಕು, ನೇವಲ್ ಗ್ರೂಪ್ ಇನ್ಶೂರೆನ್ಸ್ ಮತ್ತು ಭವಿಷ್ಯನಿಧಿಯ ನಾಮಿನಿ ಬದಲಿಸಬೇಕು. ಮದುವೆ ಆದ ತಕ್ಷಣ ನಾಮಿನಿ ತಾನಾಗೇ ಬದಲಾಗುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಅಲ್ಲಿ ಈಗ ತಾಯಿಯ ಹೆಸರಿರುತ್ತೆ, ಈ ಮಾತನ್ನು ಗಂಡನೇ ಅಮ್ಮನ ಹತ್ತಿರ ಆಡಲಿ, ಸೊಸೆ ಅಲ್ಲ. ಕಾರ್ಡ್ ಬಂದ ಮೇಲೆ ಕಾರವಾರದ ಪತಂಜಲಿ ನೌಕಾ ಆಸ್ಪತ್ರೆ, ಬೆಂಗಳೂರಿನ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆ ಎರಡೂ ನಿಮಗೆ ತೆರೆದಿರುತ್ತವೆ.

ಜಮೀನು ಇದೆ ಅಂದ್ರಲ್ಲ, ಸೊಸೈಟಿಯಲ್ಲಿ ಬೆಳೆಸಾಲ ಇದ್ದರೆ ನವೀಕರಣದ ತಾರೀಖು ನೋಡಿ ರಜೆಯಲ್ಲೇ ಸಹಿ ಮಾಡಿಸಿಬಿಡಿ. ಒಂದು ದಿನ ಮೀರಿದರೆ ಬಡ್ಡಿ ರಿಯಾಯಿತಿ ಹೋಗುತ್ತೆ. ಉಳಿದ ಕೆಲಸಕ್ಕೆ ನಿಮ್ಮ ಹೆಸರಿಗೋ ಮಾವನ ಹೆಸರಿಗೋ ಇಂಥಿಂಥ ಕೆಲಸಕ್ಕೆ ಮಾತ್ರ ಅಂತ ಬರೆದ ಮುಖ್ತಿಯಾರ್‌ನಾಮೆ (ಪವರ್ ಆಫ್ ಅಟಾರ್ನಿ) ಸಾಕು. ಎಲ್ಲದಕ್ಕೂ ಸೇರಿಸಿ ಬರೆಸಬೇಡಿ.

ಯಗಚಿ:

ಹೇಮಾವತಿ ಅಕ್ಕ, ಒಟಿಪಿ ವಿಷಯ ತಲೆಗೇ ಬಂದಿರಲಿಲ್ಲ. ಫೋನ್ ಇಲ್ಲದ ದಿನಗಳಲ್ಲಿ ಮಾತು ಮುಟ್ಟಿಸೋದು ಹೇಗೆ? ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ?

ಕಾಳಿ ದಂಡೆ:

ಕಾಗದ ಬರೀರಿ. ಹಡಗಿನ ಹೆಸರು ಹಾಕಿ ಫ್ಲೀಟ್ ಮೇಲ್ ಆಫೀಸ್ (ನೌಕಾಪಡೆಯ ಅಂಚೆ ಕಚೇರಿ) ವಿಳಾಸಕ್ಕೆ ಕಳಿಸಿದರೆ ಹಡಗಿಗೆ ಮುಟ್ಟುತ್ತೆ. ಪೂರ್ತಿ ವಿಳಾಸ ಅವರ ಕೈಯಲ್ಲೇ ಬರೆಸಿಕೊಳ್ಳಿ. ಐದಾರು ಕಾಗದ ಒಟ್ಟಿಗೆ ಸಿಗುತ್ತವೆ, ಹಿಂದುಮುಂದಾಗಿ ಓದಿದರೆ ಇಲ್ಲದ ಗಾಬರಿ. ಅದಕ್ಕೆ ಲಕೋಟೆಯ ಮೂಲೆಯಲ್ಲಿ 1, 2, 3 ಅಂತ ನಂಬರ್ ಹಾಕಿ.

ತುರ್ತಿಗೆ ಒಂದು ಹಾಳೆ ತಯಾರಿರಲಿ: ಅವರ ಸರ್ವಿಸ್ ನಂಬರ್, ರ‍್ಯಾಂಕ್, ಹಡಗು, ಡಿವಿಷನಲ್ ಆಫೀಸರ್ ಹೆಸರು, ನೆಲೆಯ ಟೆಲಿಫೋನ್ ಎಕ್ಸ್‌ಚೇಂಜ್ ನಂಬರ್. ಸೇಲರ್‌ನ ಮನೆಯ ಕಷ್ಟಸುಖ ನೋಡುವ ಹೊಣೆ ಡಿವಿಷನಲ್ ಆಫೀಸರ್‌ದು. "ಅಪ್ಪನಿಗೆ ಸೀರಿಯಸ್, ಬೇಗ ಬಾ" ಅಂತಷ್ಟೇ ಹೇಳಿದರೆ ಅಲ್ಲಿ ಏನೂ ನಿರ್ಧಾರ ಮಾಡೋಕಾಗಲ್ಲ. ರೋಗಿಯ ಹೆಸರು, ಸಂಬಂಧ, ಆಸ್ಪತ್ರೆ, ವೈದ್ಯರು ಬರೆದುಕೊಟ್ಟ ಚೀಟಿ ಇರಬೇಕು. ಅತ್ತೆ ಮಾವನಿಗೂ ಆ ಹಾಳೆ ಎಲ್ಲಿದೆ ಅಂತ ಗೊತ್ತಿರಲಿ.

ಹಡಗು ಯಾವಾಗ ಹೊರಡುತ್ತೆ, ಯಾವಾಗ ಬರುತ್ತೆ ಅನ್ನೋದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ಚಿಕ್ಕಪ್ಪ ಕೇಳಿದರೂ "ಡ್ಯೂಟಿಯಲ್ಲಿದ್ದಾರೆ" ಅಂದರೆ ಸಾಕು. ನಿಮಗೆ ಹೇಳಿದ ತಾರೀಖನ್ನೂ ಗಟ್ಟಿ ಅಂತ ಹಿಡಿಯಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಾ ಕೂತರೆ ಹಡಗು ಹತ್ತು ದಿನ ತಡವಾದಾಗ ಆ ಹತ್ತು ದಿನವೇ ಹಿಂದಿನ ಎರಡು ತಿಂಗಳಿಗಿಂತ ಭಾರ. ನಿಮ್ಮ ಕೆಲಸ, ತವರಿಗೆ ಹೋಗೋದು, ಹಾಸನಾಂಬೆ ದರ್ಶನ, ಯಾವುದನ್ನೂ ಅವರು ಬಂದ ಮೇಲೆ ಅಂತ ಮುಂದೂಡಬೇಡಿ. ದೇವಸ್ಥಾನವೇ ವರ್ಷಕ್ಕೊಮ್ಮೆ ದೀಪಾವಳಿ ಸುತ್ತಮುತ್ತ ಕೆಲವೇ ದಿನ ತೆಗೆಯೋದು.

ಬಾಬಾಬುಡನ್ ತಪ್ಪಲು:

ಎಲ್ಲ ಹೇಳಿದ್ದಾರೆ, ಬಂದ ಮೇಲಿನದು ಎರಡು ಮಾತು. ಹಡಗಿನಲ್ಲಿ ನಾಲ್ಕು ನಾಲ್ಕು ಗಂಟೆಯ ವಾಚ್, ಅಂದರೆ ಕಾವಲು ಪಾಳಿ; ಮಿಡಲ್ ವಾಚ್ ರಾತ್ರಿ 12ರಿಂದ 4. ಮನೆಗೆ ಬಂದ ಮೊದಲ ಎರಡು ಮೂರು ದಿನ ನಡುರಾತ್ರಿ ಎದ್ದು ಕೂರ್ತಾರೆ, ಮಧ್ಯಾಹ್ನ ಮಲಗ್ತಾರೆ. ಮಾತು ಕಡಿಮೆ ಇದ್ದರೆ ಅದು ಮುನಿಸಲ್ಲ. ಆ ದಿನಗಳಲ್ಲಿ ನೆಂಟರ ಮನೆ ಊಟ ಒಪ್ಪಿಕೊಳ್ಳಬೇಡಿ.

ನೀವೇ ಕಾರವಾರಕ್ಕೆ ಹೋಗೋದಾದರೆ ಬೆಂಗಳೂರಿನ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹಾಸನದ ಮೇಲೆ ಹಾದು ಬೆಳಿಗ್ಗೆ ಕಾರವಾರ ಸೇರುತ್ತೆ. ಮಳೆಗಾಲದಲ್ಲಿ ಅದನ್ನೊಂದೇ ನಂಬಬೇಡಿ. 2024ರ ಜುಲೈ ಕೊನೆಗೆ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ವಾರಕ್ಕೂ ಹೆಚ್ಚು ರೈಲು ನಿಂತಿತ್ತು. ಹಡಗು ಬಂದರಿನಲ್ಲಿದ್ದರೂ ಅವರಿಗೆ ಕೆಲವು ರಾತ್ರಿ ಡ್ಯೂಟಿ ಇರುತ್ತೆ, ಡ್ಯೂಟಿ ಇಲ್ಲದ ದಿನ ಕೇಳಿಕೊಂಡೇ ಟಿಕೆಟ್ ಮಾಡಿಸಿ.

ಚಟ್ನಿಪುಡಿ ಕಟ್ಟಿಕೊಡುವಾಗ ಕೊಬ್ಬರಿ ಹಾಕಬೇಡಿ, ಸಮುದ್ರದ ಸೆಕೆಗೆ ಬೇಗ ಕಮಟು ಬರುತ್ತೆ. ಹುರಿಗಡಲೆ, ಒಣಮೆಣಸು, ಹುಣಸೆ, ಬೆಲ್ಲ ಸಾಕು. ಲಾಕರ್ ಚಿಕ್ಕದು, ಕಾಲು ಕೆಜಿಯ ಎರಡು ಪೊಟ್ಟಣ ಮಾಡಿ. ಒಂದು ಒಡೆದಾಗ ಇನ್ನೊಂದು ಗಾಳಿಯಾಡದೆ ಇರುತ್ತೆ.