ಹೃದಯ ನಿಂತು ಮತ್ತೆ ಬಡಿದ ಮೇಲೆ ಕರುಳಿಗೇಕೆ ಪೆಟ್ಟು?

ಪ್ರಶ್ನೆ (ಶಿರಾ ತಾಲ್ಲೂಕಿನ ಸದಸ್ಯರು):
ಡಾಕ್ಟರ್ ಅವರಿಗೆ ನಮಸ್ಕಾರ. ನಮ್ಮ ತಂದೆಯವರಿಗೆ 61 ವರ್ಷ. ಕಳೆದ ಭಾನುವಾರ ಹೊಲದಿಂದ ಬಂದು ಜಗಲಿಯ ಮೇಲೆ ಕುಳಿತವರು ಹಾಗೆಯೇ ಕುಸಿದುಬಿದ್ದರು. ಪಕ್ಕದ ಮನೆಯ ಹುಡುಗ ನರ್ಸಿಂಗ್ ಓದುತ್ತಿರುವುದರಿಂದ 108 ಆಂಬ್ಯುಲೆನ್ಸ್ ಬರುವವರೆಗೂ ಎದೆ ಒತ್ತುತ್ತಲೇ ಇದ್ದ. ಆಸ್ಪತ್ರೆಯಲ್ಲಿ ಹೃದಯ ಮತ್ತೆ ಬಡಿಯತೊಡಗಿತು, ಸ್ಟೆಂಟ್ ಹಾಕಿದರು. ಎರಡನೆಯ ದಿನ ಹೊಟ್ಟೆ ಉಬ್ಬರಿಸಿ ನೀರಿನಂತೆ ಭೇದಿಯಾಯಿತು, ಅದರಲ್ಲಿ ರಕ್ತವೂ ಇತ್ತು. ಮೂಗಿನ ನಳಿಕೆಯಲ್ಲಿ ಕೊಡುತ್ತಿದ್ದ ಆಹಾರವನ್ನು ಅಂದೇ ನಿಲ್ಲಿಸಿದರು. "ಕರುಳಿಗೆ ಪೆಟ್ಟಾಗಿದೆ" ಎಂದಷ್ಟೇ ಹೇಳಿದರು. ಆ ಆಹಾರವೇ ಒಗ್ಗಲಿಲ್ಲ ಎನ್ನುವುದು ನಮ್ಮ ಚಿಕ್ಕಪ್ಪನವರ ವಾದ. ಮನೆಯಿಂದ ತಂದ ರಾಗಿ ಗಂಜಿಯನ್ನೂ ಒಳಗೆ ಬಿಡುತ್ತಿಲ್ಲ. ಕಾಯಿಲೆ ಹೃದಯದ್ದು, ಕರುಳಿಗೆ ಹೇಗೆ ತಗುಲಿತು?

ಉತ್ತರ (ತೀವ್ರ ನಿಗಾ ಘಟಕದ ವೈದ್ಯರು, ತುಮಕೂರು):
ನಮಸ್ಕಾರ. ನಿಮ್ಮ ತಂದೆಯವರ ವರದಿಗಳನ್ನು ನಾನು ನೋಡಿಲ್ಲವಾದ್ದರಿಂದ, ಇಂತಹ ರೋಗಿಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಬಲ್ಲೆ. ಆಹಾರದ ಮೇಲೆ ತಪ್ಪು ಹೊರಿಸುವುದು ಬಹುಮಟ್ಟಿಗೆ ಸರಿಯಲ್ಲ. ಪೆಟ್ಟು ಬಿದ್ದದ್ದು ಭಾನುವಾರವೇ, ಅದು ಹೊರಗೆ ಕಂಡದ್ದು ಎರಡನೆಯ ದಿನ.

ಹೃದಯ ನಿಂತಾಗ ಇಡೀ ದೇಹಕ್ಕೆ ರಕ್ತ ನಿಲ್ಲುತ್ತದೆ. ಎದೆ ಒತ್ತುವುದರಿಂದ ಸಿಗುವುದು ಸಹಜ ಹರಿವಿನ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ. ಅಷ್ಟನ್ನೂ ದೇಹವು ಮೆದುಳು ಮತ್ತು ಹೃದಯಕ್ಕೆ ಉಳಿಸಿಕೊಳ್ಳಲು ಕರುಳಿನ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಜೀವ ಉಳಿಸಲು ಕೊಡುವ ಅಡ್ರಿನಲಿನ್ ಮತ್ತು ಆಮೇಲೆ ರಕ್ತದೊತ್ತಡ ಕುಸಿಯದಂತೆ ಹಿಡಿದಿಡಲು ಕೊಡುವ ಔಷಧಗಳೂ ಅದೇ ಬಿಗಿತವನ್ನು ಹೆಚ್ಚಿಸುತ್ತವೆ. ಅವುಗಳನ್ನು ಕೊಡದೆ ವಿಧಿಯಿಲ್ಲ.

ಕರುಳಿನ ಒಳಪದರದಲ್ಲಿ ಬೆರಳಿನಂತಹ ಸಣ್ಣ ವಿಲ್ಲೈಗಳಿವೆ. ಅವುಗಳಲ್ಲಿ ಮೇಲೇರುವ ರಕ್ತನಾಳವೂ ಕೆಳಗಿಳಿಯುವ ರಕ್ತನಾಳವೂ ಒಂದರ ಪಕ್ಕ ಒಂದಿರುವುದರಿಂದ ಆಮ್ಲಜನಕವು ದಾರಿಯಲ್ಲೇ ಇತ್ತಿಂದತ್ತ ಸೋರಿಹೋಗಿ, ತುದಿಗೆ ಎಂದಿಗೂ ಸ್ವಲ್ಪವೇ ತಲುಪುತ್ತದೆ. ಹೇಮಾವತಿ ನಾಲೆಯ ಕೊನೆಯಂಚಿನ ಜಮೀನಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ತೂಬಿನಲ್ಲಿ ನೀರು ತಗ್ಗಿದರೆ ಮೊದಲು ಒಣಗುವುದು ಅವರ ಹೊಲವೇ.

ವಿಚಿತ್ರವೆಂದರೆ, ರಕ್ತ ಮರಳಿದಾಗ ಹಾನಿ ಇನ್ನಷ್ಟು ಹೆಚ್ಚುತ್ತದೆ. ಹಸಿದಿದ್ದ ಜೀವಕೋಶಗಳಿಗೆ ಆಮ್ಲಜನಕ ಏಕಾಏಕಿ ನುಗ್ಗಿದಾಗ ಅವುಗಳನ್ನೇ ಸುಡುವಂತಹ ರಾಸಾಯನಿಕಗಳು ಹುಟ್ಟುತ್ತವೆ, ಬಿಳಿ ರಕ್ತಕಣಗಳು ಮುತ್ತಿಕೊಳ್ಳುತ್ತವೆ, ಒಳಪದರದ ಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಆಗ ಕರುಳಿನೊಳಗಿನ ಬ್ಯಾಕ್ಟೀರಿಯಾಗಳ ವಿಷಾಂಶಗಳು ರಕ್ತಕ್ಕೆ ಸೇರಿ ಮೈಯೆಲ್ಲಾ ಉರಿಯೂತ ಎಬ್ಬಿಸಬಹುದು. ಜ್ವರ, ಇಳಿಯುವ ರಕ್ತದೊತ್ತಡ, ಎಲ್ಲವೂ ಸೋಂಕಿನ ನಂಜಿನಂತೆಯೇ ಕಾಣುತ್ತವೆ. ಮರುಜೀವ ಪಡೆದವರಲ್ಲಿ ಕಾಣುವ ಈ ತೊಂದರೆಗಳ ಸಮೂಹವನ್ನು ಒಂದು ಪ್ರತ್ಯೇಕ ಕಾಯಿಲೆಯೆಂದೇ 1972ರಲ್ಲಿ ವಿವರಿಸಿದವರು ಸೋವಿಯತ್ ವೈದ್ಯ ವ್ಲಾದಿಮಿರ್ ನೆಗೊವ್‌ಸ್ಕಿ.

ರಕ್ತಭೇದಿಯೂ ಉಬ್ಬರವೂ ಇರುವಾಗ ಆಹಾರ ನಿಲ್ಲಿಸಿದ್ದು ಉಪೇಕ್ಷೆಯಲ್ಲ. ರಕ್ತ ಸಾಲದ ಕರುಳಿಗೆ ಜೀರ್ಣಿಸುವ ಕೆಲಸ ಕೊಟ್ಟರೆ ಅದರ ಆಮ್ಲಜನಕದ ಬೇಡಿಕೆ ಏರುತ್ತದೆ. ಆದರೆ ಇದನ್ನು ನಿಮಗೆ ಕೂರಿಸಿಕೊಂಡು ಹೇಳದಿದ್ದದ್ದು ನಮ್ಮ ವೃತ್ತಿಯವರ ತಪ್ಪು, ಒಪ್ಪುತ್ತೇನೆ.

ಮರುಪ್ರಶ್ನೆ (ತಿಪಟೂರಿನ ಸದಸ್ಯರು):
ಎದೆಯನ್ನು ಅಷ್ಟು ಜೋರಾಗಿ ಒತ್ತಿದ್ದರಿಂದಲೇ ಹೊಟ್ಟೆಗೆ ಏಟಾಗಿರಬಹುದೇ?

ಉತ್ತರ:
ಪಕ್ಕೆಲುಬು ಮುರಿಯುವುದುಂಟು, ಹೊಟ್ಟೆಯ ಅಂಗಗಳಿಗೆ ಗಾಯವಾಗುವುದು ಅಪರೂಪ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂ.ಮೀ. ಆಳಕ್ಕೆ ಒತ್ತಲೇಬೇಕು. ಆ ಹುಡುಗ ಒತ್ತದಿದ್ದರೆ ಕರುಳಿನ ಮಾತು ಹಾಗಿರಲಿ, ಮೆದುಳೂ ಉಳಿಯುತ್ತಿರಲಿಲ್ಲ. ದಯವಿಟ್ಟು ಅವನೆದುರು ಈ ಅನುಮಾನ ಎತ್ತಬೇಡಿ.

ಮರುಪ್ರಶ್ನೆ (ಶಿರಾದ ಸದಸ್ಯರು):
ಇಂದು ಭೇದಿಯಲ್ಲಿ ರಕ್ತ ಕಡಿಮೆಯಾಗಿದೆ ಸಾರ್. ನಾವು ಏನು ಕೇಳಬೇಕು? ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸಿ ಎನ್ನೋಣವೇ?

ಉತ್ತರ:
ಖಂಡಿತ ಬೇಡ. ಹೊಸ ಸ್ಟೆಂಟ್ ಇರುವವರಲ್ಲಿ ಆ ಮಾತ್ರೆಗಳು ನಿಂತರೆ ಸ್ಟೆಂಟ್‌ನಲ್ಲೇ ರಕ್ತ ಹೆಪ್ಪುಗಟ್ಟಿ ಹೃದಯ ಮತ್ತೆ ನಿಲ್ಲಬಹುದು. ಕರುಳಿನ ರಕ್ತಸ್ರಾವವನ್ನೂ ಸ್ಟೆಂಟನ್ನೂ ತೂಗಿ ನೋಡುವ ಕೆಲಸವನ್ನು ಹೃದ್ರೋಗ ತಜ್ಞರಿಗೇ ಬಿಡಿ. ನೀವು ಕೇಳಬೇಕಾದದ್ದು ಇಷ್ಟು: ರಕ್ತದ ಲ್ಯಾಕ್ಟೇಟ್ (ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗ ಏರುವ ಅಂಶ) ಇಳಿಯುತ್ತಿದೆಯೇ, ರಕ್ತದೊತ್ತಡದ ಔಷಧದ ಪ್ರಮಾಣ ತಗ್ಗುತ್ತಿದೆಯೇ, ಹೊಟ್ಟೆ ಮೆತ್ತಗಾಗಿದೆಯೇ. ಇವು ಮೂರೂ ಹದಗೆಡುತ್ತಿದ್ದರೆ ಕರುಳಿನ ಒಂದು ಭಾಗ ಸತ್ತಿರುವ ಸಂಶಯ ಬರುತ್ತದೆ. ಆಗ ರಕ್ತನಾಳ ಕಾಣುವಂತೆ ಸಿ.ಟಿ. ಸ್ಕ್ಯಾನ್ ಮಾಡಿಸಿ ಶಸ್ತ್ರಚಿಕಿತ್ಸಕರನ್ನು ತಡಮಾಡದೆ ಕರೆಯಬೇಕಾಗುತ್ತದೆ.

ಸುಧಾರಿಸುತ್ತಿದ್ದರೆ ಭರವಸೆಗೆ ಕಾರಣವಿದೆ, ಏಕೆಂದರೆ ಕರುಳಿನ ಒಳಪದರದ ಕೋಶಗಳು ಆರೋಗ್ಯವಂತರಲ್ಲಿ 3ರಿಂದ 5 ದಿನಗಳಲ್ಲಿ ಹೊಸದಾಗಿ ಬೆಳೆಯುತ್ತವೆ. ನಳಿಕೆಯಲ್ಲಿ ಮೊದಲು ತೀರಾ ಸ್ವಲ್ಪ ಪ್ರಮಾಣದಲ್ಲಿ ಕೊಟ್ಟು ನೋಡುತ್ತಾರೆ, ಒಗ್ಗಿದರೆ ಹೆಚ್ಚಿಸುತ್ತಾರೆ. ವೆಂಟಿಲೇಟರ್ ಕೊಳವೆ ತೆಗೆದು, ಅವರು ಕೆಮ್ಮು ಬಾರದೆ ನೀರು ನುಂಗುತ್ತಾರೆಂದು ಖಚಿತವಾದ ದಿನ ನಿಮ್ಮ ಗಂಜಿಯ ವಿಷಯ ಮಾತನಾಡೋಣ. ತೆಳ್ಳಗೆ ಸೋಸಿ ತನ್ನಿ.