ಬಿ.ಕಾಂ. ಜೊತೆಗೆ ಸಿ.ಎ.: ಉಡುಪಿಯ ಸರಕಾರಿ ಕಾಲೇಜೋ, ಮಂಗಳೂರಿನ ಸ್ವಾಯತ್ತ ಕಾಲೇಜೋ?

ಪ್ರಶ್ನೆ (ಕಾಪುವಿನಿಂದ ಒಬ್ಬ ತಂದೆ):

ನನ್ನ ಮಗಳು ಈ ಬಾರಿ ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಬಿ.ಕಾಂ. ಓದುತ್ತಲೇ ಸಿ.ಎ. ಮಾಡಬೇಕೆಂಬುದು ಅವಳ ಹಂಬಲ. ಮನೆಯಿಂದ ದಿನವೂ ಹೋಗಿಬರಬಹುದಾದ ಅಜ್ಜರಕಾಡಿನ ಸರಕಾರಿ ಮಹಿಳಾ ಪ್ರಥಮ ದರ್ಜೆ ಕಾಲೇಜು ಒಂದು ಆಯ್ಕೆಯಾದರೆ, ಹಾಸ್ಟೆಲಿನಲ್ಲಿದ್ದು ಓದಬೇಕಾದ ಮಂಗಳೂರಿನ ಸ್ವಾಯತ್ತ ಕಾಲೇಜು ಇನ್ನೊಂದು. ಎರಡರ ಖರ್ಚಿಗೂ ಅಜಗಜಾಂತರ. ನೆಂಟರೆಲ್ಲ ಹೆಸರಿರುವ ಕಾಲೇಜಿಗೇ ಸೇರಿಸಿ ಎನ್ನುತ್ತಿದ್ದಾರೆ. ಸಾಲ ಮಾಡಿಯಾದರೂ ಮಂಗಳೂರಿಗೆ ಕಳುಹಿಸುವುದು ಉಚಿತವೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ವಾಣಿಜ್ಯ ಉಪನ್ಯಾಸಕ, ಉಡುಪಿ):

ಮಾನ್ಯರೇ, ಸ್ವಾಯತ್ತ ಕಾಲೇಜು ತನ್ನ ಪಠ್ಯಕ್ರಮವನ್ನು ತಾನೇ ರೂಪಿಸಿ ಪರೀಕ್ಷೆಯನ್ನೂ ತಾನೇ ನಡೆಸುತ್ತದೆ. ಪದವಿ ಮಾತ್ರ ಮಂಗಳೂರು ವಿಶ್ವವಿದ್ಯಾನಿಲಯದ್ದು. 1921ರಲ್ಲಿ ಆರಂಭವಾದ ಸಂತ ಆಗ್ನೆಸ್ ಕಾಲೇಜು ಈ ಬಗೆಯದು. 1880ರಷ್ಟು ಹಳೆಯದಾದ ಸಂತ ಅಲೋಶಿಯಸ್ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯವಾದುದರಿಂದ ಅಲ್ಲಿ ಪದವಿಯನ್ನೂ ಸಂಸ್ಥೆಯೇ ನೀಡುತ್ತದೆ. ಪಠ್ಯವನ್ನು ಬೇಗ ಪರಿಷ್ಕರಿಸಲು ಸಾಧ್ಯವಾಗುವುದು ಸ್ವಾಯತ್ತತೆಯ ನಿಜವಾದ ಅನುಕೂಲ. ಆದರೆ ಸಿ.ಎ. ಪರೀಕ್ಷೆಯ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಅಭ್ಯರ್ಥಿ ಯಾವ ಕಾಲೇಜಿನವಳೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಆದ್ದರಿಂದ ಎರಡೂ ಕಡೆಗೆ ಒಮ್ಮೆ ಹೋಗಿ, ಕಚೇರಿಯಲ್ಲಿ ವಿಚಾರಿಸುವುದಕ್ಕಿಂತ ಹೆಚ್ಚಾಗಿ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ. ವಾಣಿಜ್ಯ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಕಳೆದ ವರ್ಷ ಸೆಮಿಸ್ಟರಿನ ಮೊದಲ ತಿಂಗಳಲ್ಲಿ ತರಗತಿಗಳು ನಡೆದವೇ ಎಂದು ಕೇಳಿ. ಸರಕಾರಿ ಕಾಲೇಜುಗಳು ಬಹಳಷ್ಟು ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡಿರುವುದರಿಂದ, ಅವರ ನೇಮಕಾತಿ ತಡವಾದರೆ ಪಾಠವೂ ತಡವಾಗುತ್ತದೆ. ಗ್ರಂಥಾಲಯ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ವಿದ್ಯಾರ್ಥಿಗಳು ತಾವೇ ಕಪಾಟಿನಿಂದ ಪುಸ್ತಕ ತೆಗೆಯಬಹುದೇ ಎಂಬುದನ್ನೂ ನೋಡಿ. ಫಲಕದಲ್ಲಿ ಕಾಣುವ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಶ್ರೇಣಿ ಇಡೀ ಸಂಸ್ಥೆಗೆ ಕೊಟ್ಟದ್ದೇ ಹೊರತು ನಿಮ್ಮ ಮಗಳು ಸೇರುವ ವಿಭಾಗಕ್ಕಲ್ಲ. ಪ್ರಯಾಣದ ಬಗ್ಗೆಯೂ ಒಂದು ಮಾತು: ಶಕ್ತಿ ಯೋಜನೆ 2023ರಿಂದ ಜಾರಿಯಲ್ಲಿದ್ದರೂ ನಮ್ಮ ಹೆದ್ದಾರಿಯಲ್ಲಿ ಓಡುವ ಹೆಚ್ಚಿನ ಬಸ್ಸುಗಳು ಖಾಸಗಿಯವು, ಬಸ್ಸಿನ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಉತ್ತರ 2 (ಮಂಗಳೂರಿನಲ್ಲಿ ಓದಿ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವಳು):

ಸರ್ ಹೇಳಿದ್ದು ಸರಿಯಾದರೂ ಕಾಲೇಜನ್ನು ಬರಿಯ ಪರೀಕ್ಷೆಯ ದೃಷ್ಟಿಯಿಂದ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ವಾಣಿಜ್ಯ ಸಂಘದ ಕಾರ್ಯಕ್ರಮಕ್ಕೆ ಪ್ರಾಯೋಜಕರನ್ನು ಹುಡುಕುತ್ತ ಹಂಪನಕಟ್ಟೆಯ ಅಂಗಡಿ ಅಂಗಡಿ ಅಲೆದಾಗಲೇ ಅಪರಿಚಿತರ ಎದುರು ನಿಂತು ಹಣದ ವಿಷಯ ಮಾತನಾಡುವ ಧೈರ್ಯ ನನಗೆ ಬಂದದ್ದು. ಇಂದಿನ ನನ್ನ ಕೆಲಸದಲ್ಲಿ ಲೆಕ್ಕಶಾಸ್ತ್ರದಷ್ಟೇ ಅದೂ ಉಪಯೋಗಕ್ಕೆ ಬರುತ್ತಿದೆ. ಆದರೆ ಇಂಥ ಅವಕಾಶ ಊರಿನ ಹೆಸರಿನಿಂದ ಬರುವುದಲ್ಲ ಎಂಬುದನ್ನೂ ಹೇಳಲೇಬೇಕು. ನನ್ನ ಜೊತೆ ಹಾಸ್ಟೆಲಿನಲ್ಲಿದ್ದವರಲ್ಲಿ ಮೂರು ವರ್ಷ ತರಗತಿ ಮತ್ತು ಕೋಣೆಯ ನಡುವೆಯೇ ಕಳೆದವರಿದ್ದರು. ಮಗಳು ಎಲ್ಲಿಯೇ ಸೇರಲಿ, ಎನ್‌ಎಸ್‌ಎಸ್ ಆಗಲಿ, ಯಕ್ಷಗಾನ ತಂಡವಾಗಲಿ, ಭಿತ್ತಿಪತ್ರಿಕೆಯಾಗಲಿ, ಯಾವುದಾದರೂ ಒಂದರಲ್ಲಿ ಮೊದಲ ಸೆಮಿಸ್ಟರಿನಿಂದಲೇ ತೊಡಗಿಕೊಳ್ಳಲಿ. ಎಲ್ಲದರಲ್ಲೂ ಹೆಸರು ಕೊಡುವುದು ಬೇಡ.

ಉತ್ತರ 3 (ಲೆಕ್ಕಪರಿಶೋಧಕ, ಮಂಗಳೂರು):

ಸಿ.ಎ. ಎಂಬುದು ಖಚಿತವಾಗಿದ್ದರೆ ವೇಳಾಪಟ್ಟಿಯೇ ಮುಖ್ಯ. ಈಗಲೇ ಸಿ.ಎ.ಯ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು, ಇಲ್ಲವಾದರೆ ಬಿ.ಕಾಂ.ನಲ್ಲಿ ಶೇ. 55 ಅಂಕ ಪಡೆದು ನೇರವಾಗಿ ಎರಡನೆಯ ಹಂತವಾದ ಇಂಟರ್‌ಮೀಡಿಯೆಟ್‌ಗೆ ಸೇರುವ ದಾರಿಯೂ ಇದೆ. 2023ರ ಹೊಸ ಯೋಜನೆಯಲ್ಲಿ ಆರ್ಟಿಕಲ್‌ಶಿಪ್ (ಲೆಕ್ಕಪರಿಶೋಧಕರ ಬಳಿ ಪಡೆಯುವ ಪ್ರಾಯೋಗಿಕ ತರಬೇತಿ) ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದ್ದು, ಇಂಟರ್‌ಮೀಡಿಯೆಟ್‌ನ ಎರಡೂ ಗುಂಪುಗಳಲ್ಲಿ ತೇರ್ಗಡೆಯಾದ ಬಳಿಕವೇ ಅದು ಆರಂಭವಾಗುತ್ತದೆ. ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ ಹೆಚ್ಚಿನವರು ಪದವಿ ಮುಗಿಸಿಯೇ ಆರ್ಟಿಕಲ್‌ಶಿಪ್‌ಗೆ ಬರುತ್ತಾರೆ; ನಾನೂ ಅದನ್ನೇ ಸೂಚಿಸುತ್ತೇನೆ.

ತರಗತಿಗಳು ಮಧ್ಯಾಹ್ನಕ್ಕೇ ಮುಗಿಯುವ ಕಾಲೇಜು ಸಿಕ್ಕರೆ ಅದನ್ನು ಬಿಡಬೇಡಿ. ಸಾಲದ ಪ್ರಶ್ನೆಗೆ ನನ್ನ ಉತ್ತರ ನೇರವಾದುದು: ಬಿ.ಕಾಂ.ಗಾಗಿ ಸಾಲ ಬೇಡ. ಮುಂದೆ ಆರ್ಟಿಕಲ್‌ಶಿಪ್‌ಗೆ ಮಂಗಳೂರಿನಲ್ಲಿ ಉಳಿಯಬೇಕಾಗಿ ಬಂದಾಗ ಸಿಗುವ ಸ್ಟೈಪೆಂಡ್ ಕೋಣೆ ಬಾಡಿಗೆಗೂ ಸಾಲದೆ ಹೋಗಬಹುದು. ಕೈಯಲ್ಲಿರುವ ಹಣವನ್ನು ಆಗಿನ ಖರ್ಚಿಗೆ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:

ಮೂವರಿಗೂ ಧನ್ಯವಾದಗಳು. ಬರುವ ವಾರ ಮಗಳೊಡನೆ ಅಜ್ಜರಕಾಡಿಗೆ ಹೋಗಿ ವೇಳಾಪಟ್ಟಿಯನ್ನೂ ಗ್ರಂಥಾಲಯವನ್ನೂ ನೋಡಿಬರುತ್ತೇವೆ. ಮಂಗಳೂರಿನ ಅರ್ಜಿಯನ್ನು ಸದ್ಯಕ್ಕೆ ಹಿಂದಕ್ಕೆ ಪಡೆಯುವುದಿಲ್ಲ.